ಬೇಸಿಗೆಯ ದಿನಾಂಕಗಳು ಮತ್ತು ನಾಡಿನ ಚಾರಿತ್ರಿಕ ಸ್ಮೃತಿ

ಕರ್ನಾಟಕದ ಚರಿತ್ರೆಯ ಸಾರ್ವಜನಿಕ ಸ್ಮರಣೆಯು ಬಹುಮಟ್ಟಿಗೆ ನವೆಂಬರ್ 1ರ ಸುತ್ತ ಕೇಂದ್ರೀಕೃತವಾಗಿದೆ. ರಾಜ್ಯ ರೂಪುಗೊಂಡ ದಿನವಾದ್ದರಿಂದ ಅದು ಸಹಜವೇ. ಆದರೆ ಈ ನಾಡಿನ ಕೆಲವು ನಿರ್ಣಾಯಕ ಘಟನೆಗಳು ಏಪ್ರಿಲ್-ಮೇ ತಿಂಗಳ ಬಿರುಬಿಸಿಲಿನಲ್ಲಿ ಜರುಗಿವೆ ಎಂಬ ಸಂಗತಿ ಅಷ್ಟಾಗಿ ಚರ್ಚೆಗೆ ಒಳಗಾಗಿಲ್ಲ. ದಿನಾಂಕವನ್ನು ಋತುವಿನಿಂದ ಬೇರ್ಪಡಿಸಿ ಓದುವ ಕ್ರಮವೇ ಇದಕ್ಕೆ ಮುಖ್ಯ ಕಾರಣವೆನ್ನಬಹುದು.

ಶ್ರೀರಂಗಪಟ್ಟಣದ ಉದಾಹರಣೆಯನ್ನು ಗಮನಿಸಬಹುದು. 1791ರ ಮೇ ತಿಂಗಳಲ್ಲಿ ಕೋಟೆಯ ಸಮೀಪಕ್ಕೆ ಬಂದಿದ್ದ ಕಾರ್ನ್‌ವಾಲಿಸನು ಮಳೆ, ರೋಗ ಮತ್ತು ಆಹಾರದ ಅಭಾವದಿಂದ ಭಾರಿ ತೋಪುಗಳನ್ನು ತಾನೇ ನಾಶಪಡಿಸಿ ಹಿಮ್ಮೆಟ್ಟಬೇಕಾಯಿತು. 1799ರಲ್ಲಿ ಹ್ಯಾರಿಸನ ಸೇನೆಗೆ ಕಾವೇರಿ ಉಕ್ಕುವ ಮೊದಲೇ ಮುತ್ತಿಗೆಯನ್ನು ಮುಗಿಸುವ ಆತುರವಿತ್ತು. ಮೇ 4ರಂದು ಸೈನಿಕರು ನದಿಯ ತೆಳು ನೀರನ್ನು ದಾಟಿ ಕೋಟೆಯನ್ನು ಹೊಕ್ಕರು. ಟಿಪ್ಪು ಸುಲ್ತಾನ್ ಅಂದೇ ಮಡಿದನು. ಅಂದರೆ ಈ ದಿನಾಂಕದ ಹಿಂದೆ ಮುಂಗಾರಿನ ಲೆಕ್ಕಾಚಾರವೂ ಇದೆ.

ಜನಚಳವಳಿಗಳ ಸಂದರ್ಭದಲ್ಲಿ ಋತುವಿನ ಪಾತ್ರ ಬೇರೆ ಬಗೆಯದು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಉಪ್ಪಿನ ಕಾಯಿದೆಯನ್ನು ಮುರಿಯಲಾಯಿತು. ಕರಾವಳಿಯಲ್ಲಿ ಉಪ್ಪು ತೆಗೆಯುವ ಕಾಲವೂ ಬೇಸಿಗೆಯೇ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ನಿಷೇಧಾಜ್ಞೆಯನ್ನು ಮೀರಿ ಟಿ. ಸಿದ್ದಲಿಂಗಯ್ಯನವರು ಧ್ವಜವನ್ನು ಹಾರಿಸಿದರು. ಅದೇ ತಿಂಗಳ 25ರಂದು ಗೌರಿಬಿದನೂರಿನ ಸಮೀಪದ ವಿದುರಾಶ್ವತ್ಥದಲ್ಲಿ, ಜಾತ್ರೆಯ ದಿನಗಳಲ್ಲಿ ನೆರೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಇದರ ಬೆನ್ನಲ್ಲೇ ವಲ್ಲಭಭಾಯಿ ಪಟೇಲ್ ಮತ್ತು ಆಚಾರ್ಯ ಕೃಪಲಾನಿಯವರು ಮೈಸೂರು ಸಂಸ್ಥಾನಕ್ಕೆ ಬಂದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಂದಿಗೆ ಏರ್ಪಟ್ಟ ಒಪ್ಪಂದವು ಸಂಸ್ಥಾನದ ಧ್ವಜದೊಂದಿಗೆ ಕಾಂಗ್ರೆಸ್ ಧ್ವಜವನ್ನು ಹಾರಿಸಲು ಅವಕಾಶ ನೀಡಿತು. ಕೊಯ್ಲು ಮುಗಿದು ಮುಂಗಾರಿನ ಉಳುಮೆ ಆರಂಭವಾಗುವ ನಡುವಿನ ಬಿಡುವು ರೈತಾಪಿ ಜನರಿಗೆ ಜಾತ್ರೆಯ ಕಾಲ. ಆ ಬಿಡುವೇ ಇಲ್ಲಿ ರಾಜಕೀಯ ಸಮಾವೇಶದ ಕಾಲವೂ ಆಯಿತು.

ಹಾಗೆಂದು ಋತುವೇ ಚರಿತ್ರೆಯನ್ನು ನಿರ್ಧರಿಸುತ್ತದೆ ಎನ್ನುವುದು ಅತಿರೇಕವಾದೀತು. 1915ರ ಮೇ 5ರಂದು ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪನೆಗೊಂಡುದನ್ನು ಬೇಸಾಯದ ಪಂಚಾಂಗದಿಂದ ವಿವರಿಸಲು ಬಾರದು. ಆದರೆ ನದಿ, ಹೊಲ ಮತ್ತು ಜಾತ್ರೆಗಳನ್ನು ಹೊರಗಿಟ್ಟ ಚರಿತ್ರೆಯು ಜನರನ್ನು ದೊರೆ-ನಾಯಕರ ಹಿಂಬಾಲಕರನ್ನಾಗಿ ಮಾತ್ರ ಕಾಣುತ್ತದೆ. ವಿದುರಾಶ್ವತ್ಥದಲ್ಲಿ ನೆರೆದವರು ತಮ್ಮದೇ ಪಂಚಾಂಗದ ಪ್ರಕಾರ ಬಂದವರು ಎಂಬುದನ್ನು ಅಂತಹ ಚರಿತ್ರೆ ಮರೆಯುತ್ತದೆ.

ವಿಪರ್ಯಾಸವೆಂದರೆ, ಅಂದು ಜನರನ್ನು ಕೂಡಿಸಿದ ಬೇಸಿಗೆಯ ಬಿಡುವೇ ಇಂದು ವಿಸ್ಮೃತಿಗೂ ಕಾರಣವಾಗಿದೆ. ಈ ದಿನಗಳು ಬರುವ ಹೊತ್ತಿಗೆ ಶಾಲೆಗಳು ಮುಚ್ಚಿರುತ್ತವೆ ಅಥವಾ ಮುಚ್ಚುವ ಸಿದ್ಧತೆಯಲ್ಲಿರುತ್ತವೆ. ಮಕ್ಕಳಿಲ್ಲದ ಆಚರಣೆಯು ಮಾಲಾರ್ಪಣೆಗೆ ಸೀಮಿತಗೊಳ್ಳುವ ಅಪಾಯವಿದೆ. ಇದಕ್ಕೆ ಪರಿಹಾರ ಮತ್ತೊಂದು ಸರ್ಕಾರಿ ಜಯಂತಿಯಲ್ಲ. ಕನ್ನಡ ವಿಭಾಗಗಳು ರಜೆಯ ಈ ಅವಧಿಯನ್ನೇ ಕ್ಷೇತ್ರಕಾರ್ಯಕ್ಕೆ ಬಳಸಿಕೊಂಡು, ಈ ಊರುಗಳಲ್ಲಿ ಮನೆತನಗಳ ಮೌಖಿಕ ನೆನಪುಗಳನ್ನು ದಾಖಲಿಸಬೇಕು. ಘಟನೆಯನ್ನು ಕಂಡವರ ತಲೆಮಾರು ಬಹುತೇಕ ಮರೆಯಾಗಿದೆ. ಅವರಿಂದ ಕೇಳಿದವರು ಇನ್ನೂ ಇದ್ದಾರೆ. ಈ ಕೆಲಸವನ್ನು ಮುಂದಿನ ಬೇಸಿಗೆಗಳಿಗೆ ಮುಂದೂಡುತ್ತ ಹೋದರೆ ಉಳಿಯುವುದು ದಿನಾಂಕಗಳು ಮಾತ್ರ.