ನಮಗೆ ಎಂಥ ರೈಫಲ್ ಬೇಕು?

ಕಳೆದ ವರ್ಷದ ಎನ್.ಸಿ.ಸಿ. ಶಿಬಿರದಲ್ಲಿ ನನ್ನ ಪಾಲಿಗೆ ಐದು ಗುಂಡುಗಳು ಬಂದವು. ನೆಲದ ಮೇಲೆ ಬೋರಲು ಮಲಗಿ, 25 ಗಜ ದೂರದ ಕಾಗದದ ಗುರಿಗೆ .22 ರೈಫಲಿನಿಂದ ಹೊಡೆದೆ. ಮೂರು ತೂತುಗಳು ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋಗುವಷ್ಟು ಹತ್ತಿರ ಬಿದ್ದಿದ್ದವು. ಉಳಿದೆರಡು ಎಲ್ಲಿ ಹೋದವೆಂಬುದನ್ನು ಭೂಮಿತಾಯಿಯೇ ಬಲ್ಲಳು. ನಮ್ಮ ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೊಡೆದವರು ನಮ್ಮ ತರಗತಿಯ ಒಬ್ಬ ಸಹಪಾಠಿನಿ. ಅಂದಿನಿಂದ ನಮ್ಮಲ್ಲಿ ಎಂಟು ಮಂದಿಗೆ ಈ ಗುರಿಯಾಟದ ಹುಚ್ಚು ಹಿಡಿದಿದೆ. ಹುಚ್ಚು ಹಿಡಿದ ಮೇಲೆ ಸಾಮಾನು ಬೇಕಷ್ಟೆ. ಯಾವ ಸಾಮಾನು ಎಂಬಲ್ಲಿಂದಲೇ ನಮ್ಮ ಜಗಳ ಆರಂಭವಾಯಿತು. ಆ ಜಗಳದಲ್ಲಿ ನನ್ನ ಪಕ್ಷವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನನ್ನ ಗೆಳೆಯನೊಬ್ಬನ ಬಾಯಲ್ಲಿ ಸದಾ ಒಂದೇ ಮಾತು: ‘ಸೆಮಿ ಆಟೊಮ್ಯಾಟಿಕ್’. ಅಮೆರಿಕದ ರೂಗರ್ ಕಂಪನಿ 1964ರಲ್ಲಿ ಹೊರತಂದ 10/22 ಎಂಬ ರೈಫಲಿನ ಚಿತ್ರಗಳನ್ನು ಅವನು ಮೊಬೈಲಿನಲ್ಲಿ ಹಗಲಿರುಳು ನೋಡುತ್ತಾನೆ. ಹತ್ತು ತೋಟಾಗಳ ಮ್ಯಾಗಜೀನು, ಕಡಮೆ ಬೆಲೆ, ಆ ದೇಶದಲ್ಲಿ ರಜಾದಿನ ಡಬ್ಬಗಳಿಗೆ ಗುರಿಯಿಟ್ಟು ಆಡುವವರಿಗೆಲ್ಲ ಪ್ರಿಯವಾದದ್ದು. ನಾವು ಶಿಬಿರದಲ್ಲಿ ಹಿಡಿದ ರೈಫಲಿನಲ್ಲಿ ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದ ಹಿಂದೆಳೆದು ಮುಂದೆ ದೂಡಬೇಕು. ಸೆಮಿ ಆಟೊಮ್ಯಾಟಿಕ್ಕಿನಲ್ಲಿ ಒಂದು ಗುಂಡು ಹಾರಿದ ಬಲದಿಂದಲೇ ಖಾಲಿ ತೋಟಾ ಹೊರಬಿದ್ದು ಮುಂದಿನದು ಒಳಸೇರುತ್ತದೆ. ಬೆರಳು ಟ್ರಿಗರನ್ನು ಮತ್ತೆ ಮತ್ತೆ ಒತ್ತಿದರಾಯಿತು. ಯಂತ್ರವೇನೋ ಸೊಗಸಾದದ್ದೇ. ಆದರೆ ಚಾಮರಾಜನಗರ ಜಿಲ್ಲೆಯ ಬಿ.ಎ. ವಿದ್ಯಾರ್ಥಿಗೆ ಅದು ತಕ್ಕದ್ದೆ? ಅಲ್ಲವೆಂಬುದು ನನ್ನ ಅಭಿಪ್ರಾಯ. ಅದಕ್ಕೆ ನಾಲ್ಕು ಕಾರಣಗಳನ್ನು ಹೇಳುತ್ತೇನೆ.

ಮೊದಲನೆಯದು ಕಾನೂನು. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ 21 ವರ್ಷ ತುಂಬದವನು ಬಂದೂಕಿಗೆ ಲೈಸೆನ್ಸ್ ಪಡೆಯುವಂತಿಲ್ಲ. ನನಗೀಗ ಇಪ್ಪತ್ತು. ತುಂಬಿದ ಮೇಲೂ ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ, ಪೊಲೀಸರ ವಿಚಾರಣೆ, ಕಾರಣ ತೋರಿಸುವುದು ಇವೆಲ್ಲ ಇದ್ದೇ ಇವೆ. ‘ಆಟಕ್ಕಾಗಿ ಸೆಮಿ ಆಟೊಮ್ಯಾಟಿಕ್ ಬೇಕು’ ಎಂದು ಹೋದವನು ಯಾವ ಮುಖದಿಂದ ಹಿಂತಿರುಗುತ್ತಾನೆಂಬುದನ್ನು ಊಹಿಸಬಹುದು. ಆದರೆ ಅದೇ ಕಾನೂನು ಒಂದು ಬಾಗಿಲನ್ನು ತೆರೆದಿಟ್ಟಿದೆ. 2016ರ ನಿಯಮಗಳಂತೆ, ನಳಿಗೆಯ ಒಳಗಾತ್ರ 0.177 ಅಂಗುಲವನ್ನು, ಎಂದರೆ 4.5 ಮಿಲಿಮೀಟರನ್ನು ಮೀರದ, ಹೊಡೆತದ ಶಕ್ತಿ 20 ಜೂಲ್ ದಾಟದ ಏರ್ ರೈಫಲಿಗೆ ಲೈಸೆನ್ಸ್ ಬೇಕಿಲ್ಲ. ಮೈಸೂರಿನ ಅಂಗಡಿಯಲ್ಲಿ ವಿಚಾರಿಸಿದಾಗ ಗುರುತಿನ ಚೀಟಿ ಕೇಳಿದರು, ಅಷ್ಟೆ.

ಎರಡನೆಯದು ಹಣ. ಕುದೇರಿನವರಾದ ನಮಗೆ ಹಣದ ಅಳತೆಗೋಲೆಂದರೆ ಹಾಲಿನ ಬಟವಾಡೆ. ಊರಿನ ಡೈರಿಯನ್ನು ಜಿಲ್ಲೆಯೇ ಬಲ್ಲದು. ನಮ್ಮ ಮನೆಯ ಎರಡು ಹಸುಗಳ ಹಾಲಿನಲ್ಲೇ ನನ್ನ ಫೀಸು, ಬಸ್ ಪಾಸು, ಪುಸ್ತಕ ಎಲ್ಲವೂ ನಡೆದು ಬಂದಿವೆ. ಒಲಿಂಪಿಕ್ಸಿನವರು ಹಿಡಿಯುವ ವಾಲ್ಟರ್, ಫೈನ್‌ವರ್ಕ್‌ಬಾವ್ ಮೊದಲಾದ ಜರ್ಮನಿಯ ಏರ್ ರೈಫಲುಗಳ ಬೆಲೆ ಲಕ್ಷಗಳಲ್ಲಿದೆ. ನಮ್ಮ ದೇಶದಲ್ಲೇ ತಯಾರಾದ ಸ್ಪ್ರಿಂಗಿನ ಏರ್ ರೈಫಲೊಂದಕ್ಕೆ ಅಂಗಡಿಯವರು ಹೇಳಿದ್ದು ಹತ್ತು ಸಾವಿರದ ಆಸುಪಾಸು. ಹಿಂಡಿ ಬೂಸದ ಖರ್ಚು ಕಳೆದರೆ ಅದು ನಮ್ಮ ಮನೆಯ ಮೂರು ತಿಂಗಳ ಉಳಿತಾಯ. ಒಬ್ಬನಿಗೆ ಅದೂ ಭಾರವೇ. ಎಂಟು ಮಂದಿ ಹಂಚಿಕೊಂಡರೆ ಭಾರವಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಮೂರನೆಯದು ಆಟದ ಧರ್ಮ. ನನ್ನ ಗೆಳೆಯ ಇದನ್ನೇ ಮರೆತಿದ್ದಾನೆ. ಒಲಿಂಪಿಕ್ಸಿನ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಾಗಲಿ, 50 ಮೀಟರ್ ರೈಫಲ್ ಸ್ಪರ್ಧೆಯಲ್ಲಾಗಲಿ ಒಂದೊಂದೇ ಗುಂಡನ್ನು ಕೈಯಿಂದ ತುಂಬಿ ಹೊಡೆಯಬೇಕು. ತಾನೇ ತುಂಬಿಕೊಳ್ಳುವ ರೈಫಲಿಗೆ ಅಲ್ಲಿ ಸ್ಥಳವಿಲ್ಲ. 10 ಮೀಟರಿನ ಗುರಿಯಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರು ಮಾತ್ರ. ಪೆನ್ನಿನ ಮೊನೆ ತಾಗಿಸಿದಷ್ಟು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಸ್ವರ್ಣ ಪದಕ ಗೆದ್ದದ್ದು ಆ ಚುಕ್ಕೆಯ ಮೇಲೆಯೇ. ನಮ್ಮ ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರ್ 2004ರ ಅಥೆನ್ಸಿನಲ್ಲಿ ಫೈನಲ್ ತಲುಪಿದ್ದೂ ಅದೇ ಸ್ಪರ್ಧೆಯಲ್ಲಿ. 2024ರ ಪ್ಯಾರಿಸಿನಲ್ಲಿ ಭಾರತಕ್ಕೆ ಬಂದ ಆರು ಪದಕಗಳಲ್ಲಿ ಮೂರು ಗುರಿಯಾಟದವು. ಅವುಗಳಲ್ಲೊಂದನ್ನು ತಂದ ಸ್ವಪ್ನಿಲ್ ಕುಸಾಳೆ ಕೊಲ್ಹಾಪುರ ಜಿಲ್ಲೆಯ ಹಳ್ಳಿಯವರು. ಇವರು ಯಾರೂ ಬೇಗ ಬೇಗ ಹೊಡೆದು ಗೆಲ್ಲಲಿಲ್ಲ. ಮುಂದಿನ ಗುಂಡು ತಾನಾಗಿ ಬರುತ್ತದೆಂಬ ಭರವಸೆ ಇರುವವನಿಗೆ ಈ ಗುಂಡಿನ ಬೆಲೆ ತಿಳಿಯುವುದಿಲ್ಲ. ಹೊಡೆದ ಮೇಲೆ ರೈಫಲನ್ನು ಇಳಿಸಿ, ಉಸಿರಾಡಿ, ಎಲ್ಲಿ ತಪ್ಪಿತೆಂದು ಯೋಚಿಸಿ, ಮತ್ತೊಂದನ್ನು ತುಂಬುವ ಆ ಅರ್ಧ ನಿಮಿಷವೇ ಈ ವಿದ್ಯೆಯ ಪಾಠಶಾಲೆ.

ನಾಲ್ಕನೆಯದನ್ನು ಬರೆಯುವುದು ಸ್ವಲ್ಪ ಕಷ್ಟ. ನಮ್ಮ ಜಿಲ್ಲೆಗೆ ಬಂದೂಕಿನ ನೆನಪು ಒಳ್ಳೆಯದಲ್ಲ. ವೀರಪ್ಪನ್ 2004ರ ಅಕ್ಟೋಬರ್ 18ರಂದು ಸತ್ತ. ನಾನು ಹುಟ್ಟಿದ್ದು ಅದರ ನಂತರ. ನಮಗೆ ಅವನು ಕತೆ. ನಮ್ಮ ತಂದೆತಾಯಿಗಳಿಗೆ ಕತೆಯಲ್ಲ. 2002ರಲ್ಲಿ ಮಾಜಿ ಸಚಿವ ಎಚ್. ನಾಗಪ್ಪನವರನ್ನು ಕಾಮಗೆರೆಯಿಂದ ಹೊತ್ತೊಯ್ದದ್ದು, ಆ ಡಿಸೆಂಬರಿನಲ್ಲಿ ಅವರ ಶವ ಸಿಕ್ಕಿದ್ದು ಅವರು ಕಂಡುಂಡ ಕಾಲ. ಆ ದಿನಗಳಲ್ಲಿ ನಮ್ಮಪ್ಪ ಹನೂರಿನ ಕಡೆ ಕೂಲಿಗೆ ಹೋಗಿದ್ದರಂತೆ. ಒಂದು ರಾತ್ರಿ ದಾರಿಯಲ್ಲಿ ಯಾರೋ ತಡೆದು, ಎದೆಗೆ ನಳಿಗೆಯಿಟ್ಟು, ಹೆಸರು ಊರು ಕೇಳಿ ಬಿಟ್ಟುಬಿಟ್ಟರು. ಅವರು ಯಾವ ಕಡೆಯವರೆಂಬುದು ಅಪ್ಪನಿಗೆ ಇಂದಿಗೂ ಗೊತ್ತಿಲ್ಲ. ನಾನು ರೈಫಲಿನ ಮಾತೆತ್ತಿದಾಗ ಅವರು ಹಸುವಿನ ಮುಂದೆ ಹುಲ್ಲು ಹಾಕುತ್ತಿದ್ದವರು ತಿರುಗಿ ನೋಡದೆಯೇ, “ಬ್ಯಾಡ ಕನ ಮಗ. ಓದಕ್ಕೆ ಕಳಿಸ್ದೋನು ನಾನು, ಬಂದೂಕ ಹಿಡಿಯಕ್ಕಲ್ಲ” ಎಂದರು. ಅವ್ವ ಎರಡು ದಿನ ನನ್ನೊಡನೆ ಮಾತನಾಡಲಿಲ್ಲ.

ಅವರ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವ ಹಕ್ಕು ನನಗಿಲ್ಲ. ಏಕೆಂದರೆ ನನ್ನದೂ ಒಂದು ತಪ್ಪೊಪ್ಪಿಗೆಯಿದೆ. ಎಂಟನೆಯ ತರಗತಿಯಲ್ಲಿದ್ದಾಗ ಸೋದರಮಾವನ ಊರಿನಲ್ಲಿ ಯಾರದೋ ಏರ್ ಗನ್ ಸಿಕ್ಕಿತು. ತಂತಿಯ ಮೇಲೆ ಕುಳಿತ ಬೆಳವನ ಹಕ್ಕಿಗೆ ಹೊಡೆದೆ. ಅದು ಬಿತ್ತು. ಸಾಯಲಿಲ್ಲ; ಬಹಳ ಹೊತ್ತು ಧೂಳಿನಲ್ಲಿ ಸುತ್ತುತ್ತಿತ್ತು. 1972ರ ವನ್ಯಜೀವಿ ಕಾಯಿದೆಯ ಹೆಸರನ್ನು ಆಗ ನಾನು ಕೇಳಿರಲಿಲ್ಲ. ಕೇಳದಿದ್ದರೂ ಅದು ತಪ್ಪೆಂಬುದು ಕೈಗೆ ಗೊತ್ತಾಗಿತ್ತು. ಒಂದು ಕಡೆ ಬಂಡೀಪುರ, ಇನ್ನೊಂದು ಕಡೆ ಬಿಳಿಗಿರಿರಂಗನ ಬೆಟ್ಟ ಇರುವ ನಾಡಿನಲ್ಲಿ, ಲೈಸೆನ್ಸಿಲ್ಲದ ಏರ್ ರೈಫಲನ್ನು ಹುಡುಗನೊಬ್ಬನ ಮನೆಯ ಮೂಲೆಯಲ್ಲಿ ಇಟ್ಟರೆ ಅದು ಕಾಗದವನ್ನು ಮಾತ್ರ ಹೊಡೆಯುತ್ತದೆಂದು ನಂಬುವುದು ಕಷ್ಟ. ಆದ್ದರಿಂದ ನಮಗೆ ಎಂಥ ರೈಫಲ್ ಬೇಕೆಂಬ ಪ್ರಶ್ನೆಯ ಜೊತೆಗೇ ಅದು ಯಾರ ಕಣ್ಣೆದುರಿಗೆ ಇರಬೇಕೆಂಬ ಪ್ರಶ್ನೆಯನ್ನೂ ಕೇಳಬೇಕು.

ಇದಕ್ಕೆ ಉತ್ತರ ನಮ್ಮ ನೆರೆಯ ಕೊಡಗಿನಲ್ಲಿದೆ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಲೈಸೆನ್ಸಿನಿಂದ ವಿನಾಯಿತಿಯಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಬಂದೂಕಿಗೆ ಹೂವಿಟ್ಟು ಪೂಜಿಸಿ, ಆಮೇಲೆ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಸರದಿಯಂತೆ ಗುಂಡು ಹೊಡೆಯುತ್ತಾರೆ. ನಾನು ಅಲ್ಲಿ ಕಲಿತದ್ದು ವಿನಾಯಿತಿಯನ್ನಲ್ಲ, ಆ ಸರದಿಯನ್ನು. ಊರ ಹಿರಿಯರೆಲ್ಲ ಸುತ್ತ ನಿಂತಿರುತ್ತಾರೆ. ಒಬ್ಬನು ಹೊಡೆಯುವಾಗ ಉಳಿದವರೆಲ್ಲ ನೋಡುತ್ತಾರೆ.

ಆದಕಾರಣ ನನ್ನ ಸೂಚನೆ ಇದು. ರೈಫಲನ್ನು ನಾವು ಕೊಳ್ಳುವುದು ಬೇಡ, ಕಾಲೇಜು ಕೊಳ್ಳಲಿ. ಎರಡು ಸಾಕು. ಎನ್.ಸಿ.ಸಿ. ಅಧಿಕಾರಿಗಳ ಬೀಗದಲ್ಲಿ ಅವು ಇರಲಿ. ನಾವು ಎಂಟು ಮಂದಿ ಕೈಲಾದ ಚಂದಾ ಕೊಡುತ್ತೇವೆ. ಕೊಳ್ಳುವಾಗ ಅಂಗಡಿಯವರು ವೇಗವನ್ನು ಹೊಗಳುತ್ತಾರೆ, ಅದಕ್ಕೆ ಮರುಳಾಗಬಾರದು. 10 ಮೀಟರಿಗೆ ವೇಗ ಬೇಕಿಲ್ಲ. ನಳಿಗೆಯನ್ನು ಮಡಿಸಿ ಸ್ಪ್ರಿಂಗನ್ನು ಬಿಗಿಮಾಡುವುದು ತೆಳ್ಳಗಿನ ಕೈಯವರಿಗೂ ಸಾಧ್ಯವಾಗಬೇಕು. ಹಿಡಿಯ ಉದ್ದ ಭುಜಕ್ಕೆ ಹೊಂದಬೇಕು. ಟ್ರಿಗರು ತಡವರಿಸದೆ ಪ್ರತಿ ಸಲವೂ ಒಂದೇ ಒತ್ತಡಕ್ಕೆ ಬಿಡಬೇಕು. ದುರ್ಬೀನು ಬೇಡ, ಹಿಂದೆ ಮುಂದೆ ಸರಿಹೊಂದಿಸಲು ಬರುವ ಕಬ್ಬಿಣದ ಗುರಿಕಟ್ಟು ಇದ್ದರಾಯಿತು. ಚಪ್ಪಟೆ ತಲೆಯ ಪೆಲೆಟ್ಟುಗಳು ಕಾಗದದಲ್ಲಿ ದುಂಡನೆಯ ತೂತು ಮಾಡುವುದರಿಂದ ಅಂಕ ಎಣಿಸಲು ಸುಲಭ. ಸ್ಪ್ರಿಂಗಿನ ರೈಫಲು ಹೊಡೆಯುವಾಗ ಹಿಂದಕ್ಕೂ ಮುಂದಕ್ಕೂ ಅದುರುತ್ತದೆ. ಅದನ್ನು ಬಿಗಿಯಾಗಿ ಅಮುಕಿದವನ ಗುರಿ ತಪ್ಪುತ್ತದೆ, ಮಗುವನ್ನು ಎತ್ತಿಕೊಂಡಂತೆ ಹಗುರವಾಗಿ ಹಿಡಿದವನದು ನಿಲ್ಲುತ್ತದೆ. ಗುರಿಯ ಹಿಂದೆ ಮರಳು ತುಂಬಿದ ದಪ್ಪ ಪೆಟ್ಟಿಗೆ, ಕಣ್ಣಿಗೆ ಕನ್ನಡಕ, ಸೀಸ ಮುಟ್ಟಿದ ಕೈಯನ್ನು ತೊಳೆಯಲು ನೀರು: ಇಷ್ಟಿದ್ದರೆ ಕಟ್ಟಡದ ಹಿಂದಿನ ಗೋಡೆಯೇ ನಮ್ಮ ಮೈದಾನ.

ಕಬಡ್ಡಿಗೆ ಒಂದು ಪೈಸೆಯೂ ಬೇಡವಲ್ಲ, ಇದೇಕೆಂದು ಕೆಲವರು ಕೇಳಬಹುದು. ಕೇಳತಕ್ಕ ಮಾತೇ. ಆದರೆ ಕಬಡ್ಡಿಗೆ ಬೇಕಾದ ಮೈಕಟ್ಟು ಎಲ್ಲರಿಗೂ ಇರುವುದಿಲ್ಲ. ಇಲ್ಲಿ ಹೆಣ್ಣು ಗಂಡೆಂಬ ಭೇದವಿಲ್ಲ, ಬಲಾಢ್ಯ ದುರ್ಬಲರೆಂಬ ಭೇದವಿಲ್ಲ. ಉಸಿರನ್ನು ಹಿಡಿಯಬಲ್ಲವನೇ ಶೂರ.

ಇದನ್ನು ಬರೆದು ಮುಗಿಸಿದ ರಾತ್ರಿ ಅಪ್ಪನಿಗೆ ಓದಿ ಹೇಳಿದೆ. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದ್ದರಿಂದ ಓದಿ ಹೇಳುವುದು ನನ್ನ ಪಾಳಿ. ಹನೂರಿನ ಭಾಗ ಬಂದಾಗ ಅವರು ಬೀಡಿ ಆರಿಸಿದರು. ಎಲ್ಲ ಕೇಳಿ, “ಬೀಗದ ಕೈ ಮೇಷ್ಟ್ರ ತಾವೇ ಇರತ್ತ?” ಎಂದರು. ಇರುತ್ತದೆ ಎಂದೆ. “ಅಂಗಾದ್ರೆ ಸರಿ ಬುಡು” ಎಂದರು.

ಮಾನ್ಯ ಪ್ರಾಂಶುಪಾಲರಲ್ಲಿಯೂ ಅಧ್ಯಾಪಕ ವರ್ಗದವರಲ್ಲಿಯೂ ನನ್ನ ವಿಜ್ಞಾಪನೆ ಇಷ್ಟೆ: ಆ ಬೀಗದ ಕೈಯನ್ನು ತಾವು ಹಿಡಿಯಬೇಕು. ಮುಂದಿನ ವರ್ಷ ನಾನು ಇಲ್ಲಿರುವುದಿಲ್ಲ. ಗೋಡೆಯೂ ಗುರಿಯೂ ಕಿರಿಯ ಗೆಳೆಯರಿಗೆ ಉಳಿಯಲಿ.