ಇಪ್ಪತ್ತಾರು ಅಡಿಯ ದೋಣಿಗೂ ಅನುದಾನ ಉಂಟು

'ಸರ್ಕಾರದ ದುಡ್ಡಲ್ಲಿ ಓದೋರು' ಅಂತ ನಮ್ಮನ್ನು ಆಡಿಕೊಳ್ಳೋದು ಹೊಸದಲ್ಲ. ಕಾಲೇಜಿನ ಮೆಟ್ಟಿಲ ಮೇಲೆ, ಬಸ್ಸಿನಲ್ಲಿ, ಸ್ಕಾಲರ್‌ಶಿಪ್ ಫಾರಂ ಹಿಡಿದು ನಿಂತ ಕಿಟಕಿಯ ಮುಂದೆ ಈ ಮಾತು ಕೇಳಿದ್ದೇವೆ. ಹಾಸ್ಟೆಲ್ಲಿನ ಮುದ್ದೆ ಗಂಟಲಲ್ಲಿ ನಿಂತ ದಿನಗಳೂ ಇವೆ. ಅನುದಾನ ಅನ್ನೋ ಪದ ನಮ್ಮ ಹೆಸರಿನ ಪಕ್ಕ ಬಂದರೆ ಸಾಕು, ಅದು ಭಿಕ್ಷೆಯಾಗಿ ಕೇಳಿಸುತ್ತೆ. ಹಾಗಾದರೆ ಈ ಲೋಕದಲ್ಲಿ ಅನುದಾನ ಇನ್ನೂ ಯಾರ್ಯಾರಿಗೆ ಸಿಗುತ್ತೆ? ಒಂದು ಸಲ ಕಣ್ಣು ತೆರೆದು ನೋಡೋಣ.

ದೂರದ ಅಮೆರಿಕದಲ್ಲಿ ಒಂದು ಯೋಜನೆ ಇದೆ. ಸ್ವಂತ ದೋಣಿಯಲ್ಲಿ ವಿಹಾರಕ್ಕೆ ಹೊರಟವರು ಊರಿಂದ ಊರಿಗೆ ಹೋಗುವಾಗ ದೋಣಿ ಕಟ್ಟಿ ತಂಗಲು ಜೆಟ್ಟಿ ಬೇಕಲ್ಲ, ಆ ಜೆಟ್ಟಿ ಕಟ್ಟಿಸಲು ಸರ್ಕಾರ ಕೊಡುವ ಹಣ. ನಗಬೇಡಿ, ಇದು ಕಾಯಿದೆಯಾದ ಯೋಜನೆ. 1998ರಲ್ಲಿ ಅಮೆರಿಕದ ಸಂಸತ್ತು ಮಾಡಿದ್ದು. ಹೆಸರು ಬೋಟಿಂಗ್ ಇನ್‌ಫ್ರಾಸ್ಟ್ರಕ್ಚರ್ ಗ್ರಾಂಟ್. ಇಂಗ್ಲಿಷಿನ ಮೊದಲಕ್ಷರ ಕೂಡಿಸಿದರೆ 'ಬಿಗ್'. ಬಿಗ್ ಅಂದರೆ ದೊಡ್ಡದು. ಹೆಸರು ಸುಳ್ಳು ಹೇಳೋದಿಲ್ಲ. ಯಾಕಂದ್ರೆ ಈ ಹಣ 26 ಅಡಿ ಅಥವಾ ಅದಕ್ಕಿಂತ ಉದ್ದದ ದೋಣಿಗಳ ಸಲುವಾಗಿಯೇ ಇರುವಂಥದ್ದು.

ಈ ಹಣದಲ್ಲಿ ಏನೇನು ಮಾಡಬಹುದು ಗೊತ್ತಾ? ತೇಲುವ ಜೆಟ್ಟಿ, ದೋಣಿಗಳ ತಂಗುದಾಣ, ಕುಡಿಯುವ ನೀರಿನ ನಲ್ಲಿ, ಕರೆಂಟು, ಎಣ್ಣೆ ತುಂಬುವ ಪಂಪು, ಕಕ್ಕಸು, ಸ್ನಾನದ ಮನೆ, ಬಟ್ಟೆ ಒಗೆಯುವ ಕೋಣೆ. ನೆಂಟರು ಒಂದೇ ಕಡೆ ಹೆಚ್ಚೆಂದರೆ ಹದಿನೈದು ದಿನ ಇರಬಹುದು. ಮೊದಲು ಹತ್ತು ದಿನ ಇತ್ತು, 2015ರ ನಿಯಮ ಅದನ್ನು ಹದಿನೈದು ಮಾಡಿತು. ಖರ್ಚಿನಲ್ಲಿ ನೂರಕ್ಕೆ 75ರವರೆಗೆ ಕೇಂದ್ರ ಸರ್ಕಾರದ್ದು, ಉಳಿದದ್ದು ಸ್ಥಳೀಯರದ್ದು. ಕೇಳುವುದು ರಾಜ್ಯ ಸರ್ಕಾರ. ಆದರೆ ಕಟ್ಟೋರು ಊರಿನ ಮುನಿಸಿಪಾಲಿಟಿಯೂ ಆಗಬಹುದು, ಖಾಸಗಿ ಮರೀನಾದ ಯಜಮಾನನೂ ಆಗಬಹುದು.

ಇಷ್ಟೆಲ್ಲ ಸೌಕರ್ಯ ಪಡೆಯುವ ದೋಣಿಯವನನ್ನು ಆದಾಯದ ಸರ್ಟಿಫಿಕೇಟ್ ತಗೊಂಡು ಬಾ ಅಂತ ಯಾರೂ ಕೇಳೋದಿಲ್ಲ. ಎರಡು ಪಾಸ್‌ಪೋರ್ಟ್ ಸೈಜಿನ ಫೋಟೋ ಕೇಳೋದಿಲ್ಲ. ಅವನ ಮುಖ ನೋಡಿ 'ಸರ್ಕಾರದ ನೀರಲ್ಲಿ ಸ್ನಾನ ಮಾಡೋನು' ಅನ್ನೋದಿಲ್ಲ. ಅವನು ನೆಂಟ. ಅವನು ಬಂದರೆ ಊರಿನ ಅಂಗಡಿಗೆ ವ್ಯಾಪಾರ ಅಂತಾರೆ.

ಅವರ ಕಡೆಯ ಮಾತನ್ನೂ ಕೇಳಬೇಕು. ಕೇಳದೆ ಬೈಯೋದು ನಮಗೆ ಶೋಭೆಯಲ್ಲ. ಅವರು ಹೇಳೋದು ಎರಡು ಮಾತು. ಒಂದು, ಸಣ್ಣ ದೋಣಿಯನ್ನು ಗಾಡಿಯ ಹಿಂದೆ ಕಟ್ಟಿ ಮನೆಗೆ ಎಳೆದುಕೊಂಡು ಹೋಗಬಹುದು, ದೊಡ್ಡ ದೋಣಿ ನೀರಿನಲ್ಲೇ ತಂಗಬೇಕು, ಅದಕ್ಕೆ ಜಾಗ ಬೇಕು. ಇನ್ನೊಂದು, ಈ ಹಣ ಎಲ್ಲರ ತೆರಿಗೆಯದ್ದಲ್ಲ, ನಾವೇ ಕಟ್ಟಿದ್ದು ನಮಗೇ ಬರುತ್ತಿದೆ.

ಮೊದಲ ಮಾತು ನಿಜವೇ. ಎರಡನೆಯದೂ ಬಹುಪಾಲು ನಿಜ. 1950ರಲ್ಲಿ ಆದ ಕಾಯಿದೆಯ ಪ್ರಕಾರ ಗಾಳದ ಕೋಲು, ರೀಲು ಮುಂತಾದ ಮೀನು ಹಿಡಿಯುವ ಸಾಮಾನಿನ ಮೇಲಿನ ನೂರಕ್ಕೆ ಹತ್ತರ ಸುಂಕ ಮೀನಿನ ಸಂರಕ್ಷಣೆಗೇ ಹೋಗಬೇಕು. 1984ರಲ್ಲಿ ಅದಕ್ಕೆ ಮೋಟಾರು ದೋಣಿ ಸುಡುವ ಪೆಟ್ರೋಲಿನ ತೆರಿಗೆಯನ್ನೂ, ವಿಹಾರದ ದೋಣಿಗಳ ಆಮದು ಸುಂಕವನ್ನೂ ಸೇರಿಸಿದರು. ಎಲ್ಲ ಸೇರಿ ಒಂದು ನಿಧಿ. ಆ ನಿಧಿಯ ಒಂದು ಸಣ್ಣ ಪಾಲೇ ಈ ಜೆಟ್ಟಿಯ ಹಣ. ಸಣ್ಣ ದೋಣಿಯವರನ್ನು ಪೂರಾ ಮರೆತಿದ್ದಾರೆ ಅಂತಲೂ ಇಲ್ಲ. ನಿಧಿಯಿಂದ ರಾಜ್ಯಗಳಿಗೆ ಬರುವ ಮೀನಿನ ಪಾಲಿನಲ್ಲಿ ನೂರಕ್ಕೆ 15ರಷ್ಟನ್ನು ದೋಣಿ ಇಳಿಸುವ ಇಳಿಜಾರು ಮುಂತಾದ ಸೌಲಭ್ಯಕ್ಕೆ ಎತ್ತಿಡಬೇಕು ಅಂತ ಕಾಯಿದೆಯಲ್ಲೇ ಇದೆ.

ಆದರೆ ಗೆಳೆಯರೇ, ಆ ನಿಧಿಯ ಬುಡ ಕೆದಕಿದರೆ ಇನ್ನೊಂದು ಸಂಗತಿ ಕಾಣುತ್ತೆ. ಹುಲ್ಲು ಕತ್ತರಿಸುವ ಮಷೀನು ಇದೆಯಲ್ಲ, ಅಂಥ ಸಣ್ಣ ಇಂಜಿನ್ನುಗಳು ಸುಡುವ ಪೆಟ್ರೋಲಿನ ತೆರಿಗೆಯೂ ಇದೇ ನಿಧಿಗೆ ಬಂದು ಬೀಳುತ್ತೆ. ಅಮೆರಿಕದಲ್ಲಿ ಪೆಟ್ರೋಲಿಗೆ ಗ್ಯಾಲನ್ನಿಗೆ 18.4 ಸೆಂಟು ಕೇಂದ್ರ ತೆರಿಗೆ. ಕೂಲಿಗೆ ಪರರ ಮನೆಯ ಹುಲ್ಲು ಕತ್ತರಿಸಿ ಬದುಕುವವನೂ ಅದನ್ನು ಕಟ್ಟುತ್ತಾನೆ. ಅವನಿಗೆ ದೋಣಿ ಇಲ್ಲ. ದಂಡೆಯ ಮೇಲೆ ಕೂತು ಸಂಜೆಯ ಊಟಕ್ಕೆ ಗಾಳ ಹಾಕುವ ಮುದುಕಿಯೂ ಕೋಲು ಕೊಂಡಾಗ ಸುಂಕ ಕಟ್ಟುತ್ತಾಳೆ. ಅವಳಿಗೂ ದೋಣಿ ಇಲ್ಲ. ಆ ದೇಶದ ವಿಹಾರ ದೋಣಿಗಳಲ್ಲಿ ಹೆಚ್ಚಿನವು 26 ಅಡಿಗಿಂತ ಚಿಕ್ಕವು. ಅವುಗಳ ಪೆಟ್ರೋಲೂ ಇದೇ ಹುಂಡಿಗೆ. ಹೊಟ್ಟೆಪಾಡಿಗೆ ಮೀನು ಹಿಡಿಯುವ ದೋಣಿ ಎಷ್ಟೇ ಉದ್ದ ಇದ್ದರೂ ಈ ಯೋಜನೆಯ ನೆಂಟ ಅಲ್ಲ. ದುಡಿಯೋ ದೋಣಿಗೆ ಇಲ್ಲ, ವಿಹಾರದ ದೋಣಿಗೆ ಮಾತ್ರ.

ಹಾಗಾದರೆ 'ನಮ್ಮದೇ ದುಡ್ಡು ನಮಗೇ ಬಂತು' ಅನ್ನೋ ಮಾತಿನಲ್ಲಿ 'ನಾವು' ಅಂದರೆ ಯಾರು? ಹುಂಡಿಗೆ ಹಾಕುವಾಗ 'ನಾವು' ಬಹಳ ಜನ. ಹುಂಡಿಯಿಂದ ಜೆಟ್ಟಿ ಕಟ್ಟುವಾಗ 'ನಾವು' 26 ಅಡಿಗೆ ಬಂದು ನಿಲ್ಲುತ್ತೆ. ಯಾರನ್ನೂ ಹೊರಗೆ ಹೋಗು ಅಂತ ಬೈಯಲಿಲ್ಲ. ಒಂದು ಅಳತೆ ಬರೆದರು, ಅಷ್ಟೇ. ಕಾಯಿದೆಯ ಮೊದಲ ಪುಟಗಳಲ್ಲಿ 'ವ್ಯಾಖ್ಯೆ' ಅಂತ ಒಂದು ಭಾಗ ಇರುತ್ತೆ. ಓದೋಕೆ ಬೇಜಾರಾಗಿ ನಾವು ದಾಟಿಸಿ ಬಿಡ್ತೇವೆ. ಯಾರು ಒಳಗೆ, ಯಾರು ಹೊರಗೆ ಅನ್ನೋದು ಅಲ್ಲೇ ತೀರ್ಮಾನ ಆಗಿರುತ್ತೆ.

ಈ ಯೋಜನೆಯಲ್ಲಿ ಒಂದು ಒಳ್ಳೆಯ ಕಟ್ಟಳೆಯೂ ಇದೆ. ಹಣ ಪಡೆದ ಜೆಟ್ಟಿ ಖಾಸಗಿಯವನದೇ ಆದರೂ ಸಾರ್ವಜನಿಕರಿಗೆ ತೆರೆದಿರಬೇಕು. ನಮ್ಮ ಕ್ಲಬ್ಬಿನವರಿಗೆ ಮಾತ್ರ ಅಂತ ಬಾಗಿಲು ಹಾಕುವ ಹಾಗಿಲ್ಲ. ಬಾಡಿಗೆಯೂ ಆ ಸೀಮೆಯ ದರಕ್ಕೆ ತಕ್ಕ ಹಾಗೆ ನ್ಯಾಯವಾಗಿರಬೇಕು. ಸಾರ್ವಜನಿಕರ ಹಣ ಬಿದ್ದ ಕಡೆ ಸಾರ್ವಜನಿಕರಿಗೆ ಪ್ರವೇಶ. ಈ ಒಂದು ಸಾಲಿಗೆ ಎಷ್ಟು ಬೆಲೆ ಇದೆ ಅನ್ನೋದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅಮೆರಿಕದ ಕರಿಯರಿಗೆ ಗೊತ್ತು. ಮಿಸಿಸಿಪ್ಪಿ ರಾಜ್ಯದಲ್ಲಿ ಬಿಲಾಕ್ಸಿ ಅಂತ ಕಡಲ ದಂಡೆಯ ಊರು. ಅಲ್ಲಿನ ಮರಳ ತೀರ 1950ರ ದಶಕದ ಆರಂಭದಲ್ಲಿ ಕೇಂದ್ರ ಸರ್ಕಾರದ ಹಣ ಸೇರಿಸಿ ಕಟ್ಟಿದ್ದು. ಸಾರ್ವಜನಿಕರಿಗೆ ಸದಾ ತೆರೆದಿರಬೇಕು ಅನ್ನೋದೇ ಆ ಹಣದ ಷರತ್ತು. ಆದರೂ ಕರಿಯರು ಕಾಲಿಡುವ ಹಾಗಿರಲಿಲ್ಲ. 1959ರ ಮೇ 14ರಂದು ಡಾಕ್ಟರ್ ಗಿಲ್ಬರ್ಟ್ ಮೇಸನ್ ಕೆಲವು ಸಂಗಾತಿಗಳ ಜೊತೆ ನೀರಿಗಿಳಿದರು. ಪೊಲೀಸರು ಹೊರಗೆ ಕಳಿಸಿದರು. 1960ರ ಏಪ್ರಿಲ್ 24ರಂದು ನೂರಕ್ಕೂ ಹೆಚ್ಚು ಜನ ಇಳಿದರು. ಬಿಳಿಯರ ಗುಂಪು ಸರಪಳಿ, ಕೊಳವೆ, ದೊಣ್ಣೆ ಹಿಡಿದು ಬಂದು ಹೊಡೆಯಿತು. ಕೋರ್ಟಿನಲ್ಲಿ ಕರಿಯರ ಕೈಗೆ ಸಿಕ್ಕ ದೊಡ್ಡ ಆಸರೆ ಆ ಅನುದಾನದ ಷರತ್ತೇ. 1968ರಲ್ಲಿ ತೀರ್ಪು ಬಂತು, ತೀರ ಎಲ್ಲರದಾಯಿತು. ಷರತ್ತು ಮೊದಲಿನಿಂದಲೂ ಕಾಗದದಲ್ಲಿ ಇತ್ತು. ಕಾಗದ ತಾನಾಗಿ ಬಾಗಿಲು ತೆರೆಯಲಿಲ್ಲ.

ನಮ್ಮ ಕಥೆಯೂ ಇದೇ ಅಲ್ವಾ? ಸಾರ್ವಜನಿಕ ಹಣದಲ್ಲಿ ಕಟ್ಟಿದ ಕೆರೆ, ಬಾವಿ, ಛತ್ರಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ ಮುಂಬಯಿ ಶಾಸನಸಭೆ 1923ರಲ್ಲೇ ಠರಾವು ಮಾಡಿತ್ತು. ಮಹಾಡದ ಮುನಿಸಿಪಾಲಿಟಿ ಮಾರನೇ ವರ್ಷ ಒಪ್ಪಿಯೂ ಇತ್ತು. ಆದರೂ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಡನೆ ನಡೆದು ಹೋಗಿ ಬೊಗಸೆ ನೀರು ಕುಡಿಯಬೇಕಾಯ್ತು. ಕೆರೆಯ ಮೇಲಿನ ಹಕ್ಕು ಹೈಕೋರ್ಟಿನಲ್ಲಿ ಇತ್ಯರ್ಥ ಆಗಲು 1937 ಬರಬೇಕಾಯ್ತು.

ಅದಕ್ಕೇ ನಾವು ಹೇಳೋದು ಇಷ್ಟೆ. ಅನುದಾನ ಅನ್ನೋ ಪದ ಕೇಳಿ ನಾಚಿಕೆ ಪಡಬೇಡಿ. ದೋಣಿಯವನೇ ನಾಚಿಕೊಳ್ಳದೆ ಸರ್ಕಾರದ ಜೆಟ್ಟಿಯಲ್ಲಿ ಹಗ್ಗ ಕಟ್ಟುತ್ತಾನೆ. ಸಮಾಜ ತನ್ನ ಹಣವನ್ನು ಯಾರಿಗಾಗಿ ತೆಗೆದಿಡುತ್ತೆ ಅನ್ನೋದರಲ್ಲಿ ಅದರ ಮನಸ್ಸು ಇದೆ. ದೋಣಿಗೆ ತಂಗುದಾಣ ಬೇಡ ಅಂತ ನಾವು ಅನ್ನೋದಿಲ್ಲ. ಗಾಳಿ ಮಳೆಗೆ ಸಿಕ್ಕವರು ಯಾರೇ ಆಗಲಿ, ದಡ ಬೇಕು. ಆದರೆ ದೋಣಿಗೆ ತಂಗುದಾಣ ಕೊಡೋದು ಅಭಿವೃದ್ಧಿ, ಹಟ್ಟಿಯ ಹುಡುಗನಿಗೆ ಮಂಚ ಕೊಡೋದು ದಾನ ಅನ್ನೋ ಎರಡು ನಾಲಿಗೆಯನ್ನು ನಾವು ಒಪ್ಪೋದಿಲ್ಲ.

ಇನ್ನು ಮುಂದೆ ಯಾವ ಯೋಜನೆಯ ಕಾಗದ ಕೈಗೆ ಬಂದರೂ ಮೂರು ಪ್ರಶ್ನೆ ಕೇಳಿ. ಈ ಹುಂಡಿಗೆ ಹಾಕಿದವರು ಯಾರು? ಯಾವ ಅಳತೆಯಿಂದ ಯಾರನ್ನು ಒಳಗೆ ಬಿಟ್ಟಿದ್ದಾರೆ? ಎಲ್ಲರಿಗೂ ತೆರೆದಿರಬೇಕು ಅನ್ನೋ ಷರತ್ತು ಇದೆಯಾ, ಇದ್ದರೆ ಅದನ್ನು ಕಾಯೋರು ಯಾರು? ಮೊದಲೆರಡಕ್ಕೆ ಉತ್ತರ ಕಾಯಿದೆ ಪುಸ್ತಕದಲ್ಲಿ ಸಿಗುತ್ತೆ, ಓದಿ. ಮೂರನೆಯದಕ್ಕೆ ಉತ್ತರ ಪುಸ್ತಕದಲ್ಲಿ ಇಲ್ಲ. ಬಿಲಾಕ್ಸಿಯಲ್ಲಿ ಏಟು ತಿಂದವರು, ಮಹಾಡದಲ್ಲಿ ನೀರು ಕುಡಿದವರು ಅದಕ್ಕೆ ಉತ್ತರ ಕೊಟ್ಟರು. ಈಗ ನಮ್ಮ ಸರದಿ.