ಜೀವಕೋಶದ ಕೌದಿ

ಮಾಗಿಯ ಚಳಿಯಲ್ಲಿ ಬೈಲಹೊಂಗಲದ ಯಾವುದಾದರೊಂದು ಮನೆಯ ಅಡಿಗೆಯ ಕೋಣೆಯನ್ನು ಬೆಳಗಿನ ಜಾವದಲ್ಲಿ ಹೊಕ್ಕು ನೋಡಿದರೆ ಒಂದು ಸಣ್ಣ ಸಂಗತಿ ಕಣ್ಣಿಗೆ ಬೀಳುತ್ತದೆ. ತುಪ್ಪ ಹೆಪ್ಪುಗಟ್ಟಿರುತ್ತದೆ, ಪಕ್ಕದಲ್ಲಿಯೇ ಇರುವ ಕುಸುಬಿ ಎಣ್ಣೆ ಮಾತ್ರ ಎಂದಿನಂತೆ ಸಲೀಸಾಗಿ ಹರಿಯುತ್ತದೆ. ರೊಟ್ಟಿ ಬಡಿಯುವ ಗಡಿಬಿಡಿಯಲ್ಲಿರುವ ಗೃಹಿಣಿಗೆ ಇದು ವಿಚಾರ ಮಾಡತಕ್ಕ ವಿಷಯವಲ್ಲ. ಚಮಚವನ್ನು ಬಿಸಿ ಮಾಡಿ ತುಪ್ಪವನ್ನು ತೋಡಿಕೊಳ್ಳುತ್ತಾಳೆ. ಆದರೆ ಅವಳ ಮೈಯ ಒಂದೊಂದು ಜೀವಕೋಶವೂ ತುಪ್ಪದ ಗುಣವನ್ನೂ ಎಣ್ಣೆಯ ಗುಣವನ್ನೂ ಒಂದೇ ಪೊರೆಯಲ್ಲಿ ಕೂಡಿಸಿಟ್ಟುಕೊಂಡಿದೆಯೆಂದರೆ ಅವಳಿಗೂ ಆಶ್ಚರ್ಯವಾಗದೆ ಇರದು.

ಸವದತ್ತಿ, ರಾಮದುರ್ಗಗಳ ಎರೆಭೂಮಿಯಲ್ಲಿ ಹಿಂಗಾರಿ ಜೋಳದ ಹೊಲದಂಚಿಗೆ ಮುಳ್ಳಿನ ಕುಸುಬಿಯನ್ನು ಬಿತ್ತಿ, ದನಗಳಿಂದ ಪೈರನ್ನು ಕಾಯುವ ಪದ್ಧತಿ ಹಳೆಯದು. ಈಗ ಆ ಬೆಳೆ ಬಹಳ ಇಳಿದಿದೆ. ಇದು ಸಂತೋಷದ ಸುದ್ದಿಯಲ್ಲ. ಅದರ ಎಣ್ಣೆಯ ಮೇದಾಮ್ಲಗಳಲ್ಲಿ ನೂರಕ್ಕೆ 70ಕ್ಕೂ ಮಿಕ್ಕ ಪಾಲು ಲಿನೋಲೆಯಿಕ್ ಆಮ್ಲ. ಈ ಆಮ್ಲದ ಉದ್ದನೆಯ ಬಾಲ ಎರಡು ಕಡೆ ಮಣಿದಿರುತ್ತದೆ. ಡೊಂಕು ಕಟ್ಟಿಗೆಗಳನ್ನು ಹೊರೆ ಕಟ್ಟಿದರೆ ನಡುವೆ ಸಂದು ಉಳಿಯುವಂತೆ, ಇಂಥ ಅಣುಗಳು ಒತ್ತಾಗಿ ಕೂಡಲಾರವು. ಆದುದರಿಂದ ಎಣ್ಣೆ ಗಟ್ಟಿಯಾಗದು. ತುಪ್ಪದಲ್ಲಿ ನೆಟ್ಟನೆಯ ಬಾಲಗಳೇ ಹೆಚ್ಚು. ಅವು ಸಾಲುಗೂಡಿ ಬಿಗಿದುಕೊಳ್ಳುತ್ತವೆ.

ಜೀವಕೋಶದ ಪೊರೆಯೂ ಇಂಥ ಜಿಡ್ಡಿನ ಅಣುಗಳಿಂದಲೇ ಆದುದು. ಒಂದೊಂದು ಅಣುವಿಗೂ ನೀರನ್ನು ಬಯಸುವ ತಲೆಯೊಂದು, ನೀರೆಂದರೆ ಒಲ್ಲದ ಬಾಲಗಳೆರಡು. ಬಾಲಗಳನ್ನು ಒಳಮಾಡಿ, ತಲೆಗಳನ್ನು ಹೊರಮಾಡಿ ಅವು ಎರಡು ಪದರಗಳಾಗಿ ನಿಲ್ಲುತ್ತವೆ. ದಪ್ಪ ಸುಮಾರು 5 ನ್ಯಾನೋಮೀಟರ್. ಇಂಥ ಎರಡು ಲಕ್ಷ ಪೊರೆಗಳನ್ನು ಒಂದರ ಮೇಲೊಂದು ಇಟ್ಟರೆ ಒಂದು ಮಿಲಿಮೀಟರ್ ಆದೀತು. ಪದರಗಳು ಎರಡೆಂಬುದನ್ನು 1925ರಲ್ಲಿ ಹಾಲೆಂಡಿನ ಗೋರ್ಟರ್ ಮತ್ತು ಗ್ರೆಂಡೆಲ್ ಎಂಬವರು ರಕ್ತಕಣಗಳ ಜಿಡ್ಡನ್ನು ನೀರಿನ ಮೇಲೆ ಹರಡಿ, ಅಳೆದು ತೋರಿಸಿದರು. ಅವರ ಅಳತೆಯಲ್ಲಿ ಎರಡು ತಪ್ಪುಗಳಿದ್ದವು: ಜಿಡ್ಡು ಪೂರ್ತಿಯಾಗಿ ಹೊರಬಂದಿರಲಿಲ್ಲ, ಕಣದ ಮೇಲ್ಮೈಯನ್ನೂ ಕಡಿಮೆ ಎಣಿಸಿದ್ದರು. ಒಂದು ತಪ್ಪು ಇನ್ನೊಂದನ್ನು ನುಂಗಿತು. ಉತ್ತರ ಸರಿಯಾಗಿ ಬಂತು! ವಿಜ್ಞಾನಕ್ಕೂ ಒಮ್ಮೊಮ್ಮೆ ದೈವದ ಬೆಂಬಲವುಂಟು.

1972ರಲ್ಲಿ ಸಿಂಗರ್ ಮತ್ತು ನಿಕಲ್ಸನ್ ಎಂಬ ವಿಜ್ಞಾನಿಗಳು ಈ ಪೊರೆಯನ್ನು ಪ್ರೋಟೀನುಗಳು ತೇಲಾಡುವ ದ್ರವದ ಹಾಳೆಯೆಂದು ವರ್ಣಿಸಿದರು. ಆದರೆ ಆ ದ್ರವ ಎಲ್ಲೆಡೆಯೂ ಒಂದೇ ಸಮನಾಗಿದೆಯೆ? ಇಲ್ಲವೆಂದು 1997ರಲ್ಲಿ ಸೈಮನ್ಸ್ ಮತ್ತು ಇಕೋನೆನ್ ವಾದಿಸಿದರು. ನೆಟ್ಟನೆಯ ಬಾಲದ ಅಣುಗಳೂ ಕೊಲೆಸ್ಟರಾಲೂ ಕೂಡಿ ಅಲ್ಲಲ್ಲಿ ಬಿಗಿಯಾದ ತುಣುಕುಗಳಾಗುತ್ತವೆ; ಮಲಪ್ರಭೆಯಲ್ಲಿ ತೆಪ್ಪ ತೇಲಿದಂತೆ ಅವು ಪೊರೆಯಲ್ಲಿ ತೇಲುತ್ತವೆ ಎಂಬುದು ಆ ವಾದದ ತಿರುಳು. ಅವರು ಇಟ್ಟ ಹೆಸರಿನ ಅರ್ಥವೂ ತೆಪ್ಪವೆಂದೇ. ಆದರೆ ಸೂಕ್ಷ್ಮದರ್ಶಕದಲ್ಲಿ ತೆಪ್ಪಗಳು ಯಾರಿಗೂ ಕಾಣವು. ಕಾಣದ ವಸ್ತುವನ್ನು ಹೇಗೆ ನಂಬುವುದು? ಜಗಳ ವರ್ಷಗಟ್ಟಲೆ ನಡೆಯಿತು.

ಈ ಜಗಳಕ್ಕೆ ಹೊಸ ತಿರುವು ದೊರೆತುದು ಬೆಂಗಳೂರಿನಲ್ಲಿ. ಅಲ್ಲಿಯ ಕೃಷಿ ವಿಶ್ವವಿದ್ಯಾಲಯದ ಜಿ.ಕೆ.ವಿ.ಕೆ. ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಿದೆ. ಅಲ್ಲಿಯ ಡಾ. ಸತ್ಯಜಿತ್ ಮೇಯರ್ ಹಾಗೂ ರಜತ್ ವರ್ಮಾ ಅವರು ಫೋಲೇಟನ್ನು, ಎಂದರೆ ಮೆಂತೆಯ ಪಲ್ಲೆಯಂಥ ಸೊಪ್ಪುಗಳಲ್ಲಿರುವ ಜೀವಸತ್ವವನ್ನು, ಹಿಡಿದುಕೊಳ್ಳುವ ಒಂದು ಪ್ರೋಟೀನನ್ನು ಆರಿಸಿಕೊಂಡರು. ಇದು ಪೊರೆಯ ಹೊರಪದರಕ್ಕೆ ಮಾತ್ರ ಜಿಡ್ಡಿನ ಲಂಗರಿನಿಂದ ಕಟ್ಟಿಕೊಂಡಿರುತ್ತದೆ. ಅಣುಗಳಿಗೆ ಹೊಳೆಯುವ ಬಣ್ಣ ಹಚ್ಚಿ, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಅವುಗಳ ಮೇಲೆ ಬಿಟ್ಟರು. ಅಣು ಒಂಟಿಯಾಗಿದ್ದರೆ ಅದು ಮರಳಿಸುವ ಬೆಳಕಿನಲ್ಲಿ ಆ ದಿಕ್ಕು ಬಹುಮಟ್ಟಿಗೆ ಉಳಿಯುತ್ತದೆ; ಕೆಲವೇ ನ್ಯಾನೋಮೀಟರುಗಳೊಳಗೆ ನೆರೆಯ ಅಣುವಿದ್ದರೆ ಶಕ್ತಿ ಅದಕ್ಕೆ ದಾಟಿ, ದಿಕ್ಕು ಕದಡಿಹೋಗುತ್ತದೆ. ಕಣ್ಣಿಗೆ ಕಾಣದ ನೆರೆಹೊರೆಯನ್ನು ಹೀಗೆ ಬೆಳಕಿನಿಂದಲೇ ಪತ್ತೆ ಮಾಡಿದ ಜಾಣ್ಮೆ ಮೆಚ್ಚತಕ್ಕದ್ದು. 1998ರಲ್ಲಿ ಫಲ ಪ್ರಕಟವಾಯಿತು: ಅಣುಗಳ ಗುಂಪುಗಳು ಉಂಟು, ಅವು 70 ನ್ಯಾನೋಮೀಟರಿಗಿಂತ ಚಿಕ್ಕವು, ಕೊಲೆಸ್ಟರಾಲನ್ನು ಕಡಿಮೆ ಮಾಡಿದರೆ ಚದರಿಹೋಗುತ್ತವೆ.

ನಿಜವಾದ ಸ್ವಾರಸ್ಯವಿರುವುದು ಮುಂದೆ. ಭೌತವಿಜ್ಞಾನಿ ಮದನ್ ರಾವ್ ಅವರೊಡನೆ ಸೇರಿ 2004ರಲ್ಲಿ ಅವರು ಗುಂಪುಗಳನ್ನು ಇನ್ನೂ ಬಿಡಿಸಿ ನೋಡಿದರು. ಒಂದು ಗುಂಪಿನಲ್ಲಿ ಹೆಚ್ಚೆಂದರೆ ನಾಲ್ಕು ಅಣುಗಳು. ಬಹುಪಾಲು ಅಣುಗಳು ಒಂಟಿ. ಪೊರೆಯಲ್ಲಿ ಅಣುಗಳ ಸಂಖ್ಯೆ ಎಷ್ಟೇ ಏರಲಿ ಇಳಿಯಲಿ, ಗುಂಪುಗೂಡಿದವುಗಳ ಪಾಲು ಅಷ್ಟಕ್ಕಷ್ಟೆ! ಚಳಿಯಲ್ಲಿ ತುಪ್ಪ ಹೀಗೆ ನಡೆದುಕೊಳ್ಳುವುದಿಲ್ಲ. ತುಪ್ಪ ಹೆಚ್ಚಾದಷ್ಟೂ ಗಡ್ಡೆ ದೊಡ್ಡದಾಗುತ್ತದೆ. ಹಾಗಾದರೆ ಈ ಅಣುಗಳು ತಮ್ಮಷ್ಟಕ್ಕೆ ತಾವೇ ಹೆಪ್ಪುಗಟ್ಟಿದವಲ್ಲ. ಯಾವುದೋ ಕೈ ಅವನ್ನು ಕೂಡಿಸುತ್ತಿರಬೇಕು.

ಆ ಕೈ ಕೋಶದ್ದೇ. ಕಿತ್ತೂರಿನ ಕಡೆಯ ಮುದುಕಿಯರು ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುವುದನ್ನು ಕಂಡವರಿಗೆ ಇದು ಬೇಗ ತಿಳಿದೀತು. ಕೆಳಗಿನ ಪದರದಲ್ಲಿ ದಾರವನ್ನು ಜಗ್ಗಿದರೆ ಮೇಲಿನ ಪದರವೂ ನಿರಿಗೆಗಟ್ಟುತ್ತದೆ. ಪೊರೆಯ ಅಡಿಯಲ್ಲಿ ಆಕ್ಟಿನ್ ಎಂಬ ಎಳೆಗಳಿವೆ. ಸ್ನಾಯುಗಳಲ್ಲಿ ಇರುವುದೂ ಇದೇ. ಕೋಶವು ಶಕ್ತಿಯನ್ನು ವೆಚ್ಚ ಮಾಡಿ ಈ ಎಳೆಗಳನ್ನು ಅಲ್ಲಲ್ಲಿ ಒಟ್ಟುಗೂಡಿಸುತ್ತದೆಂದು 2012ರಲ್ಲಿ ತೋರಿಸಿದರು. ಎಳೆ ಒಳಗೆ, ಲಂಗರು ಹೊರಗೆ. ನಡುವಿನ ಹೊಲಿಗೆ ಯಾವುದು? 2015ರಲ್ಲಿ ಅದಕ್ಕೂ ಉತ್ತರ ದೊರೆಯಿತು. ಒಳಪದರದಲ್ಲಿ ಫಾಸ್ಫಟೈಡಿಲ್‌ಸೀರಿನ್ ಎಂಬ ಜಿಡ್ಡಿನ ಅಣುವಿದೆ. ಅದರ ಉದ್ದನೆಯ ನೆಟ್ಟನೆಯ ಬಾಲ ಹೊರಪದರದ ಲಂಗರಿನ ಉದ್ದನೆಯ ಬಾಲದೊಡನೆ ಪೊರೆಯ ನಡುವೆ ಕೂಡಿಕೊಳ್ಳುತ್ತದೆ. ಕೊಲೆಸ್ಟರಾಲ್ ಈ ಕೂಟವನ್ನು ಬಿಗಿಗೊಳಿಸುತ್ತದೆ. ಬಾಲವನ್ನು ಗಿಡ್ಡ ಮಾಡಿದರೆ, ಇಲ್ಲವೆ ಡೊಂಕು ಮಾಡಿದರೆ, ಹೊಲಿಗೆ ನಿಲ್ಲದು. ತುಪ್ಪಕ್ಕೂ ಕುಸುಬಿ ಎಣ್ಣೆಗೂ ಇರುವ ಭೇದವೇ ಇಲ್ಲಿಯೂ ಕೆಲಸಮಾಡುತ್ತಿದೆ.

ನಾಲ್ಕು ಅಣುಗಳ ಗುಂಪಿನಿಂದ ಆಗುವುದೇನು ಎಂದು ವಾಚಕರು ಕೇಳಬಹುದು. ಕೋಶವು ಒಂದು ನೆಲೆಗೆ ಅಂಟಿಕೊಂಡು, ಕಾಲೂರಿ ಹರಡಿಕೊಳ್ಳುವಾಗ ಈ ಗುಂಪುಗಳು ಹುಟ್ಟುತ್ತವೆಂದೂ, ಅವು ಹುಟ್ಟದಂತೆ ತಡೆದರೆ ಕೋಶ ಸರಿಯಾಗಿ ಹರಡದೆಂದೂ ಇದೇ ಪ್ರಯೋಗಾಲಯದವರು 2019ರಲ್ಲಿ ಕಂಡುಕೊಂಡರು.